ದೇವರೇ ಭಾವ ಆದಾಗ: ಬಿಳಿಗಿರಿಯ ಸೋಲಿಗರ ಕಥೆ ಮತ್ತು ಮದುವೆ

ದೇವರನ್ನು ನಾವು ಏನಂತ ಕರೀತೀವಿ? ಅಪ್ಪ, ತಾಯಿ, ಸ್ವಾಮಿ, ಒಡೆಯ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿರುವ ಸೋಲಿಗರು ರಂಗನಾಥಸ್ವಾಮಿಯನ್ನು 'ಭಾವ' ಅಂತಾರೆ. ನಮ್ಮಲ್ಲಿ ತುಂಬಾ ಜನ ವೀಕೆಂಡ್‌ನಲ್ಲಿ ಬೈಕ್ ಹತ್ತಿ ಆ ಬೆಟ್ಟಕ್ಕೆ ಹೋಗಿ ಬಂದಿದ್ದೀವಿ. ಆದರೆ ಈ ಒಂದು ಪದದ ಹಿಂದೆ ಎಷ್ಟೆಲ್ಲ ಇದೆ ಅಂತ ಗಮನಿಸಿದವರು ಕಡಿಮೆ.

ಕುಸುಮಾಲೆಯ ಕಥೆ

ಸೋಲಿಗರು ಈ ಕಾಡಿನ ಮೂಲನಿವಾಸಿಗಳು. ಜೇನು, ನೆಲ್ಲಿಕಾಯಿ, ಗೆಡ್ಡೆ-ಗೆಣಸು ಅವರ ಬದುಕಿನ ಭಾಗ. ಅವರು ವಾಸ ಮಾಡುವ ಜಾಗಕ್ಕೆ ಪೋಡು ಅಂತ ಹೆಸರು. ಅವರ ಐತಿಹ್ಯದ ಪ್ರಕಾರ ರಂಗನಾಥ ಕುಸುಮಾಲೆ ಎಂಬ ಸೋಲಿಗರ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಮನೆ ಹುಡುಗಿಯ ಗಂಡ ಅಂದ ಮೇಲೆ ಅವನು ಭಾವನೇ ತಾನೇ!

ನಮ್ಮ ಮನೆಗಳಲ್ಲೂ ಭಾವ ಅಂದ್ರೆ ಗೌರವದ ಜೊತೆಗೆ ಸಲಿಗೆಯೂ ಇರುತ್ತೆ. ಅಪ್ಪನ ಮುಂದೆ ಆಡೋಕೆ ಆಗದ ತಮಾಷೆಯನ್ನು ಭಾವನ ಮುಂದೆ ಆಡಬಹುದು. ಹಾಗಾಗಿ 'ಭಾವ' ಅಂತ ಕರೆದ ಕೂಡಲೇ ದೇವರ ಮುಂದೆ ಬಗ್ಗಿ ನಿಲ್ಲುವ ಸಂಬಂಧ ಹೋಗಿ, ಪಕ್ಕದಲ್ಲಿ ಕೂರುವ ಸಂಬಂಧ ಬರುತ್ತೆ. ಇನ್ನೂ ಒಂದು ವಿಷಯ ಇದೆ. ಈ ಕಥೆಯಲ್ಲಿ ಸೋಲಿಗರು ಹೆಣ್ಣಿನ ಕಡೆಯವರು, ರಂಗನಾಥ ಸಂಬಂಧ ಬೆಳೆಸಿ ಬಂದವನು. ಕಾಡು ಯಾರ ಮನೆ ಅನ್ನೋದನ್ನು ಕಥೆ ಸದ್ದಿಲ್ಲದೆ ಹೇಳಿಬಿಡುತ್ತೆ ಅಂತ ನಮಗೆ ಅನ್ಸುತ್ತೆ.

ಓಡಿಹೋಗಿ, ವಾಪಸ್ ಬರೋದು

ಈಗ ಮದುವೆ ವಿಷಯಕ್ಕೆ ಬರೋಣ. ಸೋಲಿಗರಲ್ಲಿ ಹಲವು ಕುಲಗಳಿವೆ. ಒಂದೇ ಕುಲದವರು ಅಣ್ಣ-ತಂಗಿ ಲೆಕ್ಕ, ಅವರಲ್ಲಿ ಮದುವೆ ಇಲ್ಲ. ಬೇರೆ ಕುಲದ ಹುಡುಗ-ಹುಡುಗಿ ಒಬ್ಬರನ್ನೊಬ್ಬರು ಇಷ್ಟಪಟ್ಟರೆ, ಹಳೆಯ ಪದ್ಧತಿಯಲ್ಲಿ ಇಬ್ಬರೂ ಪೋಡು ಬಿಟ್ಟು ಕೆಲವು ದಿನ ಕಾಡಿನಲ್ಲಿ ಇರ್ತಾರೆ. ಆಮೇಲೆ ಅವರನ್ನು ಕರೆತರ್ತಾರೆ, ಇಲ್ಲವೇ ಅವರೇ ಬರ್ತಾರೆ. ಹಿರಿಯರು ಸೇರಿ ನ್ಯಾಯ ಮಾಡಿ, ಒಂದು ಸಣ್ಣ ತಪ್ಪುಕಾಣಿಕೆ ಹಾಕಿ, ಇಬ್ಬರನ್ನೂ ಗಂಡ-ಹೆಂಡತಿ ಅಂತ ಒಪ್ಪಿಕೊಳ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ 'ತೆರ' ಕೊಡ್ತಾರೆ. ಅಂದ್ರೆ ನಮ್ಮ ವರದಕ್ಷಿಣೆಗೆ ಪೂರ್ತಿ ಉಲ್ಟಾ. ವಿಧವೆ ಮತ್ತೆ ಮದುವೆ ಆಗೋದಕ್ಕೂ ಅಡ್ಡಿಯಿಲ್ಲ.

'ಓಡಿಹೋದ್ರು' ಅನ್ನೋ ಮಾತು ನಮ್ಮ ಊರುಗಳಲ್ಲಿ ಹೇಗೆ ಕೇಳಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಮಾನ ಹೋಯ್ತು ಅಂತ ಮಕ್ಕಳನ್ನೇ ಕೊಂದ ಸುದ್ದಿಗಳನ್ನು ನಾವು ಓದ್ತಾನೇ ಇರ್ತೀವಿ. ಸೋಲಿಗರ ಪದ್ಧತಿಯಲ್ಲಿ ಓಡಿಹೋಗೋದು ಮದುವೆಯ ಮೊದಲ ಹಂತ, ವಾಪಸ್ ಬರೋದು ಎರಡನೆಯದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆ ಸಿಸ್ಟಮ್ ಒಳಗೇ ರಿಕವರಿ ಇದೆ. ಕಾಣಿಕೆ ಕಟ್ಟಿದ ಮೇಲೆ ವಿಷಯ ಮುಗೀತು, ಯಾರ ಮುಖಕ್ಕೂ ಮಸಿ ಇಲ್ಲ.

ಹಾಗಂತ ಇದನ್ನು ಸಿನಿಮಾ ಥರ ನೋಡಬೇಕಿಲ್ಲ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಅನ್ನೋ ಕಾನೂನು ಪೋಡಿನಲ್ಲೂ ಅನ್ವಯಿಸುತ್ತೆ. ಬಯಲುಸೀಮೆಯ ಸಂಪರ್ಕ ಹೆಚ್ಚಿದ ಹಾಗೆ, ಹಿರಿಯರು ನೋಡಿ ಮಾಡುವ ಮದುವೆಗಳೂ ಅಲ್ಲಿ ಬಂದಿವೆ.

ಕುಲದಿಂದ ಕಾಡಿಗೆ

ಕುಲ ಅನ್ನೋದು ಮದುವೆಗೆ ಮಾತ್ರ ಅಲ್ಲ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ 'ಎಲ್ಲೆ' ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಅಂದ್ರೆ ನೀರಿನ ತಾಣ, ಹೀಗೆ ಪೂಜೆಯ ಜಾಗಗಳಿರ್ತವೆ. ಭಾರ್ಗವಿ ನದಿ ದಡದ ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರೇ. ಯಾರು ಯಾರಿಗೆ ಏನಾಗಬೇಕು ಅನ್ನೋ ಪಟ್ಟಿಯ ಜೊತೆಗೇ ಕಾಡಿನ ಮ್ಯಾಪ್ ಕೂಡ ಹಿರಿಯರ ತಲೆಯಲ್ಲಿದೆ.

1974ರಲ್ಲಿ ಇಲ್ಲಿ ವನ್ಯಧಾಮ ಆಯ್ತು. ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ಒಂದೊಂದು ಕಡೆ ನೆಲೆಗೊಳಿಸಿದರು, ಅವರ ಹಳೆಯ ಬೇಸಾಯ ನಿಂತಿತು. ಮುಂದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೂ ತಡೆ ಬಂತು. ಪೂಜೆಯ ಜಾಗಗಳು ಅಲ್ಲೇ ಇದ್ದವು, ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ. ಆಮೇಲೆ ಸೋಲಿಗರ ಹಿರಿಯರೂ ಸಂಶೋಧಕರೂ ಜೊತೆಯಾಗಿ ಕಾಡು ಸುತ್ತಿ, ಜಿಪಿಎಸ್ ಹಿಡಿದು, 400ಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಗುರುತಿಸಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತಾರೆ.

ಐತಿಹ್ಯ ಅಂದ ಕೂಡಲೇ 'ಅಜ್ಜಿ ಕಥೆ' ಅಂತ ಪಕ್ಕಕ್ಕಿಡೋದು ನಮಗೆ ಸುಲಭ. ಆದರೆ ಸೋಲಿಗರಿಗೆ ದೇವರ ಜೊತೆಗಿನ ನೆಂಟಸ್ತಿಕೆ, ಕುಲದ ನಿಯಮ, ಕಾಡಿನ ಎಲ್ಲೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಕುಸುಮಾಲೆಯ ಕಥೆ ಮರೆತ ಮಗುವಿಗೆ ತನ್ನ ಕುಲದ ಎಲ್ಲೆ ಎಲ್ಲಿ ಶುರುವಾಗುತ್ತೆ ಅನ್ನೋದೂ ನಿಧಾನಕ್ಕೆ ಮರೆತುಹೋಗಬಹುದು. ಪೋಡಿನ ಮಕ್ಕಳೂ ಈಗ ನಮ್ಮ ಹಾಗೇ ಶಾಲೆ, ಕಾಲೇಜು ಅಂತ ಕಾಡಿನಿಂದ ಹೊರಗೆ ಬರ್ತಿದ್ದಾರೆ. ಅವರಲ್ಲಿ ಯಾರಾದರೂ ನಮ್ಮ ಕ್ಲಾಸಿನಲ್ಲಿದ್ದರೆ, 'ನಿಮ್ಮ ಕುಲ ಯಾವುದು, ಎಲ್ಲೆ ಎಲ್ಲಿದೆ?' ಅಂತ ಪ್ರೀತಿಯಿಂದ ಕೇಳೋಣ. ಹೇಳೋಕೆ ಅವರ ಹತ್ತಿರ ಬೇಕಾದಷ್ಟಿರುತ್ತೆ.