ಹೊಸ ಮೊಣಕಾಲಿಗೆ ಹಳೆಯ ಸ್ನಾಯುವೇ ಆಸರೆ

ಶೇಡಬಾಳ: ಕಾಗವಾಡ ತಾಲೂಕಿನ ಈ ಪಟ್ಟಣದಿಂದ ರೈಲು ಹತ್ತಿದರೆ ಮಹಾರಾಷ್ಟ್ರದ ಮಿರಜ ದೂರವೇನಲ್ಲ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಗಡಿಯ ಈಚಿನ ಕನ್ನಡಿಗರಿಗೂ ಮಿರಜವೆಂದರೆ ದವಾಖಾನೆಗಳ ಊರು. ಮೊಣಕಾಲಿನ ಕೀಲು ಬದಲಿಸಿಕೊಳ್ಳಬೇಕಾದ ಹಿರಿಯರು ಇಂದಿಗೂ ಅತ್ತ ಹೋಗುವುದುಂಟು. ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ, ಆಸ್ಪತ್ರೆಯ ವಾಸ ಕೆಲವೇ ದಿನ. ಮುಂದಿನ ತಿಂಗಳುಗಳ ಕೆಲಸವೆಲ್ಲ ನಡೆಯಬೇಕಾದುದು ಮನೆಯಲ್ಲಿ.

ಅಟಲ್ ಬಿಹಾರಿ ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗ 2000ರ ಅಕ್ಟೋಬರ್‌ನಲ್ಲಿ ಎಡ, 2001ರ ಜೂನ್‌ನಲ್ಲಿ ಬಲ ಮೊಣಕಾಲಿಗೆ ಈ ಚಿಕಿತ್ಸೆ ಮಾಡಿಸಿಕೊಂಡರು. ಅದರ ಹೆಸರು ಹಳ್ಳಿಗಳಿಗೂ ತಲುಪಿತು. ವ್ಯಾಯಾಮದ ಮಾತು ಅಷ್ಟು ದೂರ ಹೋಗಲಿಲ್ಲ.

ವೈದ್ಯರು ಬದಲಿಸುವುದು ಸವೆದ ಕೀಲನ್ನು ಮಾತ್ರ. ಅದನ್ನು ನಡೆಸುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು. ವರ್ಷಗಟ್ಟಲೆ ನೋವಿನಿಂದ ಕಾಲನ್ನು ಬಳಸದೆ ಅದು ಮೊದಲೇ ಬಡವಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಬಾವು ಮತ್ತು ನೋವು ಮಿದುಳಿನಿಂದ ಬರುವ ಆಜ್ಞೆಯನ್ನೇ ತಗ್ಗಿಸುವುದರಿಂದ, ಮೊದಲ ತಿಂಗಳಲ್ಲಿ ಸ್ನಾಯುವಿನ ಬಲ ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ದುರ್ಬಲವಾಗಿ ಹೋದವರು ಇನ್ನಷ್ಟು ದುರ್ಬಲರಾಗಿ ಮರಳುತ್ತಾರೆ.

ಆದ್ದರಿಂದಲೇ ದಿನಾಂಕ ಗೊತ್ತಾದೊಡನೆ, ನಾಲ್ಕಾರು ವಾರ ಮುಂಚೆಯೇ ತಯಾರಿ ಆರಂಭಿಸುವುದು ಒಳಿತು. ಮೊಣಕಾಲಿನ ಕೆಳಗೆ ಟವೆಲ್ ಸುರುಳಿಯಿಟ್ಟು ಐದು ಸೆಕೆಂಡು ಒತ್ತಿ ಹಿಡಿಯುವುದು, ಮಲಗಿ ನೇರ ಕಾಲನ್ನು ಎತ್ತುವುದು, ಕುರ್ಚಿಯಿಂದ ಕೈಯೂರದೆ ಏಳುವುದು: ಇವಕ್ಕೆ ಜಿಮ್ ಬೇಡ. ಇದೇನೂ ಪವಾಡವಲ್ಲ. ಮೊದಲ ವಾರಗಳ ಚೇತರಿಕೆ ಸುಗಮವಾಗುತ್ತದೆ. ವರ್ಷ ಕಳೆದ ಮೇಲೆ ವ್ಯತ್ಯಾಸ ಅಷ್ಟಾಗಿ ಉಳಿಯದು. ಆದರೆ ಆ ಮೊದಲ ವಾರಗಳೇ ಮನೆಯವರಿಗೂ ರೋಗಿಗೂ ಕಠಿಣವಾದವು.

ಶಸ್ತ್ರಚಿಕಿತ್ಸೆಯಾದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಊರಿಗೆ ಬಂದ ಮೇಲೆ ಆಗುವ ದೊಡ್ಡ ತಪ್ಪು ಪ್ರೀತಿಯಿಂದ ಆಗುವಂಥದು: ನೋವೆಂದು ಮೊಣಕಾಲಿನ ಕೆಳಗೆ ದಿಂಬು ಇಡುವುದು. ಹಾಗೆ ಮಾಡಿದರೆ ಕಾಲು ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಬೇಕು. ಮಡಚುವಿಕೆ 90 ಡಿಗ್ರಿ ತಲುಪಿದರೆ ಕುರ್ಚಿ, ಮೆಟ್ಟಿಲುಗಳ ನಿತ್ಯದ ಓಡಾಟ ಬಹುಮಟ್ಟಿಗೆ ಸಾಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರಲು ಅದು ಸಾಲದು. ಊಟ, ಪೂಜೆಗೆ ನೆಲವೇ ರೂಢಿಯಾದವರು ಈ ಮಾತನ್ನು ವೈದ್ಯರೊಡನೆ ಮೊದಲೇ ಆಡಿಕೊಳ್ಳಬೇಕು. ಕೋಲು ಹಿಡಿಯುವುದು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು.

ಗಾಯ ಮಾಗಿ ನಡಿಗೆ ಸ್ಥಿರವಾದ ಬಳಿಕ ಭಾರ ಹೆಚ್ಚಿಸುವ ವ್ಯಾಯಾಮ ಬರುತ್ತದೆ. ಬಹಳಷ್ಟು ಮಂದಿ ನೋವು ಹೋಯಿತೆಂದು ಇಲ್ಲಿಯೇ ನಿಲ್ಲಿಸಿಬಿಡುತ್ತಾರೆ. ಗರಡಿಯ ಪೂರ್ಣ ಬಸ್ಕಿ ಕೃತಕ ಕೀಲಿಗೆ ಹೇಳಿದ್ದಲ್ಲ. ಕುರ್ಚಿಯ ಎತ್ತರದವರೆಗಿನ ಅರೆಬಸ್ಕಿ ಸಾಕು. ಕುಸ್ತಿ, ಕಬಡ್ಡಿಯಲ್ಲಿ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಗೊಳಗಾದ ಯುವಕರ ಲೆಕ್ಕ ಬೇರೆ. ಅವರು 9 ತಿಂಗಳಿಗೆ ಮೊದಲೇ ಕಣಕ್ಕಿಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು.

2017ರ ಆಗಸ್ಟ್‌ನಲ್ಲಿ ಕೇಂದ್ರವು ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆಗೆ 54,720 ರೂಪಾಯಿಯ ಮಿತಿ ಹಾಕಿತು. ಆ ಆದೇಶ ಮುಟ್ಟಿದ್ದು ಕೀಲಿನ ಬೆಲೆಯನ್ನಷ್ಟೇ. ಫಿಸಿಯೋಥೆರಪಿಯ ಖರ್ಚನ್ನು ಚಿಕಿತ್ಸೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳದಿದ್ದರೆ ಕೊನೆಯಲ್ಲಿ ಕೈಬಿಟ್ಟುಹೋಗುವುದು ಅದೇ.

ವ್ಯಾಯಾಮದ ನಂತರದ ನೋವು ಮರುದಿನಕ್ಕೆ ತಗ್ಗಿದರೆ ಚಿಂತೆಯಿಲ್ಲ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ಹಠಾತ್ ಉಸಿರುಕಟ್ಟಿದರೆ ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.