ಬರ್ಬರ ಬುಡಕಟ್ಟುಗಳು (ಫರ್ಗಾಟನ್ ರೆಲ್ಮ್ಸ್)

ಬರ್ಬರ ಬುಡಕಟ್ಟುಗಳು ಎಂಬುದು 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟದ ಕಲ್ಪಿತ ಲೋಕಗಳಲ್ಲೊಂದಾದ 'ಫರ್ಗಾಟನ್ ರೆಲ್ಮ್ಸ್'ನ ಉತ್ತರ ಭಾಗದಲ್ಲಿ ವಾಸಿಸುವ ಜನಸಮುದಾಯಗಳಿಗೆ ಇರುವ ಸಾಮಾನ್ಯ ಹೆಸರು. ಎಡ್ ಗ್ರೀನ್‌ವುಡ್ ಸೃಷ್ಟಿಸಿದ ಈ ಲೋಕವನ್ನು ಅಮೆರಿಕದ ಟಿಎಸ್‌ಆರ್ ಸಂಸ್ಥೆಯು 1987ರಲ್ಲಿ ಆಟದ ರೂಪದಲ್ಲಿ ಪ್ರಕಟಿಸಿತು. ಆಟಗಾರರು ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳಗಳನ್ನು ಉರುಳಿಸುತ್ತ ಕಥೆಯನ್ನು ಮುಂದುವರಿಸುವುದು ಈ ಆಟದ ಕ್ರಮ.

ಪದದ ಹಿನ್ನೆಲೆ

ತಮಗೆ ಅರ್ಥವಾಗದ ಭಾಷೆಯನ್ನಾಡುವ ಪರಕೀಯರನ್ನು ಪ್ರಾಚೀನ ಗ್ರೀಕರು 'ಬಾರ್ಬರೋಸ್' ಎಂದು ಕರೆಯುತ್ತಿದ್ದರು. ಇಂಗ್ಲಿಷಿನ 'ಬಾರ್ಬೇರಿಯನ್' ಶಬ್ದವು ಇದರಿಂದ ಬಂದುದು. ಸಂಸ್ಕೃತದ 'ಬರ್ಬರ' ಶಬ್ದಕ್ಕೂ ತೊದಲುವವನು, ಪರಕೀಯ ಎಂಬ ಅರ್ಥಗಳಿವೆ. ಕನ್ನಡ ಪತ್ರಿಕೆಗಳ 'ಬರ್ಬರ ಹತ್ಯೆ'ಯಲ್ಲಿ ಇಂದು ಕ್ರೌರ್ಯವೊಂದೇ ಉಳಿದಿದೆ; ಮಾತಿನ ಪರಕೀಯತೆ ಮರೆತುಹೋಗಿದೆ. ಯಾವ ಜನಾಂಗವೂ ತನ್ನನ್ನು ತಾನು ಬರ್ಬರವೆಂದು ಕರೆದುಕೊಳ್ಳುವುದು ಅಪರೂಪ. ಅದು ಹೊರಗಿನವರು ಇಡುವ ಹೆಸರು. ಆಟದ ಲೋಕಕ್ಕೂ ಈ ಮಾತು ಅನ್ವಯಿಸುತ್ತದೆ.

ಬುಡಕಟ್ಟುಗಳು

ಹಿಮಾವೃತವಾದ ಐಸ್‌ವಿಂಡ್ ಡೇಲ್ ಪ್ರದೇಶದ ರೆಗೆಡ್ ಜನರು ಹಿಮಸಾರಂಗದ ಹಿಂಡುಗಳನ್ನು ಅನುಸರಿಸಿ ಅಲೆಯುತ್ತಾರೆ. ಕರಡಿ, ಸಾರಂಗ, ತೋಳ ಮತ್ತು ಹುಲಿ ಎಂಬ ನಾಲ್ಕು ಬುಡಕಟ್ಟುಗಳು ಇವರಲ್ಲಿ ಪ್ರಸಿದ್ಧ. ಅದಕ್ಕಿಂತ ದಕ್ಷಿಣದ ಕಾಡು ಬಯಲುಗಳಲ್ಲಿ ಉತ್‌ಗಾರ್ಟ್ ಜನರಿದ್ದಾರೆ. ಇವರು ಉತ್‌ಗಾರ್ ಎಂಬ ವೀರನನ್ನು ಮೂಲಪುರುಷನೆಂದು ಆರಾಧಿಸುತ್ತಾರೆ; ಪೂರ್ವಜರ ಸಮಾಧಿ ದಿಬ್ಬಗಳು ಇವರ ಪುಣ್ಯಸ್ಥಳಗಳು. ಪ್ರತಿ ಬುಡಕಟ್ಟಿಗೂ ಒಂದು ಪ್ರಾಣಿಯ ಲಾಂಛನವಿದ್ದರೂ ಎಲ್ಲರ ಬಾಳು ಒಂದೇ ಬಗೆಯದಲ್ಲ. ಕಪ್ಪು ಸಿಂಹ ಬುಡಕಟ್ಟು ಅಲೆಮಾರಿತನವನ್ನು ತೊರೆದು ಒಂದೆಡೆ ನೆಲೆನಿಂತರೆ, ಗ್ರಿಫನ್ ಬುಡಕಟ್ಟಿಗೆ ನಗರಗಳನ್ನೇ ಗೆಲ್ಲುವ ಹಂಬಲ.

ಆಟದ ನಿಯಮಗಳಲ್ಲಿ

ಈ ಆಟದಲ್ಲಿ 'ಬಾರ್ಬೇರಿಯನ್' ಎಂಬುದು ಜನಾಂಗದ ಹೆಸರಷ್ಟೇ ಅಲ್ಲ, ಆಟಗಾರನು ಆರಿಸಿಕೊಳ್ಳಬಹುದಾದ ಒಂದು ಪಾತ್ರವರ್ಗವೂ ಹೌದು. ಆಟದ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಇದನ್ನು 1982ರಲ್ಲಿ 'ಡ್ರಾಗನ್' ಪತ್ರಿಕೆಯಲ್ಲಿ ಪರಿಚಯಿಸಿದರು. 1985ರ 'ಅನ್‌ಅರ್ಥ್ಡ್ ಆರ್ಕೇನಾ' ಗ್ರಂಥದಲ್ಲಿ ಅದು ಸೇರಿತು. ಆಗಿನ ಬರ್ಬರನಿಗೆ ಮಂತ್ರವಿದ್ಯೆಯೆಂದರೆ ದ್ವೇಷ. ಮಾಂತ್ರಿಕ ವಸ್ತುಗಳನ್ನು ನಾಶಪಡಿಸಿದರೆ ಅವನಿಗೆ ಅಂಕಗಳು ದೊರೆಯುತ್ತಿದ್ದವು.

2000ದಲ್ಲಿ ಬಂದ ಮೂರನೆಯ ಆವೃತ್ತಿಯು ಅವನಿಗೆ ರೋಷಾವೇಶದ ಶಕ್ತಿಯನ್ನು ನೀಡಿತು. ಆವೇಶ ಬಂದಾಗ ಬಲವೂ ತಾಳಿಕೆಯೂ ಹೆಚ್ಚುತ್ತವೆ, ಆತ್ಮರಕ್ಷಣೆ ಕುಗ್ಗುತ್ತದೆ. ಆವೇಶ ಇಳಿದ ಮೇಲೆ ದಣಿವು ಆವರಿಸುತ್ತದೆ. ನಾರ್ಸ್ ಸಾಹಿತ್ಯದ ಬರ್ಸರ್ಕರ್ ಯೋಧರ ನೆರಳು ಇಲ್ಲಿ ಸ್ಪಷ್ಟ. ಅದೇ ಆವೃತ್ತಿಯ ಇನ್ನೊಂದು ನಿಯಮ ಹೆಚ್ಚು ಗಮನಾರ್ಹ: ಉಳಿದೆಲ್ಲ ವರ್ಗಗಳ ಪಾತ್ರಗಳಿಗೂ ಓದುಬರಹ ತಾನಾಗಿಯೇ ಬರುತ್ತಿತ್ತು, ಬರ್ಬರನೊಬ್ಬನು ಮಾತ್ರ ಎರಡು ಕೌಶಲಾಂಕಗಳನ್ನು ವ್ಯಯಿಸಿ ಅಕ್ಷರ ಕಲಿಯಬೇಕಾಗಿತ್ತು. ಬೇರೊಂದು ವರ್ಗದಲ್ಲಿ ಒಂದು ಹಂತ ಪಡೆದರೆ ಅವನೂ ಸಾಕ್ಷರನೇ. ಪೂರ್ವಜರ ಕಥೆಗಳನ್ನು ಬಾಯಿಂದ ಬಾಯಿಗೆ ದಾಟಿಸುವ ಸಮಾಜದ ಅರಿವಿಗೆ ಈ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಈ ನಿರ್ಬಂಧವಿಲ್ಲ.

ಕಾದಂಬರಿಯಲ್ಲಿ

ಆರ್. ಎ. ಸಾಲ್ವಟೋರ್ ಅವರ 'ದ ಕ್ರಿಸ್ಟಲ್ ಶಾರ್ಡ್' (1988) ರೆಗೆಡ್ ಜನರನ್ನು ಓದುಗರಿಗೆ ಹತ್ತಿರವಾಗಿಸಿದ ಕೃತಿ. ಬುಡಕಟ್ಟುಗಳು ಟೆನ್ ಟೌನ್ಸ್ ಎಂಬ ಹತ್ತು ಊರುಗಳ ಮೇಲೆ ದಾಳಿಮಾಡಿ ಸೋಲುತ್ತವೆ. ಸಾರಂಗ ಬುಡಕಟ್ಟಿನ ಧ್ವಜಧಾರಿಯಾದ ತರುಣ ವುಲ್ಫ್‌ಗಾರ್‌ನನ್ನು ಕುಳ್ಳ ಜನಾಂಗದ ನಾಯಕ ಬ್ರೂನರ್ ಕೊಲ್ಲದೆ ಉಳಿಸಿ, ಐದು ವರ್ಷ ಮತ್ತು ಒಂದು ದಿನದ ದುಡಿಮೆಗೆ ಕಟ್ಟುಹಾಕುತ್ತಾನೆ. ಕ್ರಮೇಣ ಯಜಮಾನನು ತಂದೆಯಂತಾಗುತ್ತಾನೆ. ತನ್ನ ಕೈಯಾರೆ ರೂಪಿಸಿದ 'ಏಜಿಸ್ ಫ್ಯಾಂಗ್' ಎಂಬ ಯುದ್ಧದ ಸುತ್ತಿಗೆಯನ್ನು ಅವನಿಗೆ ಕೊಡುತ್ತಾನೆ. ಮುಂದೆ ವುಲ್ಫ್‌ಗಾರ್ ತನ್ನ ಜನರ ಅರಸನಾದ ಹೀಫ್‌ಸ್ಟಾಗ್‌ನನ್ನು ದ್ವಂದ್ವದಲ್ಲಿ ಗೆದ್ದು, ಹಿಂದೆ ದಾಳಿಗೆ ಗುರಿಯಾಗಿದ್ದ ಆ ಊರುಗಳ ರಕ್ಷಣೆಗೇ ಬುಡಕಟ್ಟುಗಳನ್ನು ಕರೆತರುತ್ತಾನೆ. ನಾಯಕತ್ವವನ್ನು ಅವನು ಪಡೆಯುವುದು ತನ್ನ ಜನರದೇ ಆದ ದ್ವಂದ್ವದ ಕಟ್ಟಳೆಯ ಮೂಲಕ ಎಂಬುದನ್ನು ಗಮನಿಸಬೇಕು.

ನಂತರದ ಬದಲಾವಣೆಗಳು

2015ರ 'ಸೋರ್ಡ್ ಕೋಸ್ಟ್ ಅಡ್ವೆಂಚರರ್ಸ್ ಗೈಡ್'ನಲ್ಲಿ ಉತ್‌ಗಾರ್ಟ್ ಬುಡಕಟ್ಟಿನ ಸದಸ್ಯತ್ವವನ್ನು ಪಾತ್ರದ ಹಿನ್ನೆಲೆಯಾಗಿ ಆರಿಸಿಕೊಳ್ಳುವ ಅವಕಾಶ ಒದಗಿತು. ಇದರಿಂದ ಬುಡಕಟ್ಟಿನಲ್ಲಿ ಹುಟ್ಟಿದವನು ಮಾಂತ್ರಿಕನೂ ಆಗಬಹುದು. ಬರ್ಬರ ವರ್ಗದ 'ಟೋಟೆಮ್ ವಾರಿಯರ್' ಎಂಬ ಉಪವರ್ಗವನ್ನು 2024ರ ಪರಿಷ್ಕೃತ ನಿಯಮಗ್ರಂಥದಲ್ಲಿ 'ವೈಲ್ಡ್ ಹಾರ್ಟ್' ಎಂದು ಮರುನಾಮಕರಣ ಮಾಡಲಾಯಿತು. ಟೋಟೆಮ್ ಎಂಬುದು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಿಂದ ಬಂದ ಶಬ್ದ. 'ಬಾರ್ಬೇರಿಯನ್' ಎಂಬ ಹೆಸರು ಮಾತ್ರ ಹಾಗೆಯೇ ಮುಂದುವರಿದಿದೆ.