ಮದರಾಸಿಗೆ ಹೊರಟು ಮುಳುಗಿದ ದುಡ್ಡು

ತಾಮ್ರದ ಆ ಬಿಲ್ಲೆಯ ಒಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ. ಬಾವುಟ ಹಿಡಿದ ಎರಡು ಸಿಂಹ, ನಡುವೆ ಗುರಾಣಿ, ಕೆಳಗೆ 1808 ಎಂಬ ಇಸವಿ. ಮಗುಚಿದರೆ ಇಪ್ಪತ್ತು ಕಾಸು ಅಂದರೆ ನಾಲ್ಕು ಫುಲೂಸು ಎಂಬ ಲೆಕ್ಕ ಪಾರ್ಸಿ ಲಿಪಿಯಲ್ಲಿ, ಅದರಡಿ ರೋಮನ್ ಅಂಕಿಯಲ್ಲಿ ಇಪ್ಪತ್ತು. ಬಳ್ಳಾರಿಯ ನಿವೃತ್ತ ಮೇಷ್ಟ್ರೊಬ್ಬರ ಬಳಿ ಈ ನಾಣ್ಯ ಎರಡಿವೆ. ಒಂದು ಹಳೇ ಪಾತ್ರೆ ಅಂಗಡಿಯಲ್ಲಿ ಸಿಕ್ಕಿದ್ದು. ಸವೆದು ಸವೆದು ಸಿಂಹಗಳು ನಾಯಿಮರಿಗಳಂತಾಗಿವೆ. ಇನ್ನೊಂದರಲ್ಲಿ ಅಕ್ಷರ ಅಕ್ಷರವೂ ಚೂಪಾಗಿದೆ, ಮೈಬಣ್ಣ ಮಾತ್ರ ಮಸಿಗಪ್ಪು.

“ಇವೆರಡರಾಗ ನಮ್ಮ ಊರು ಕಂಡಿದ್ದು ಯಾವುದು, ಹೇಳ್ರಿ ನೋಡೋಣ” ಅಂತ ಮೇಷ್ಟ್ರು ಬಂದವರನ್ನೆಲ್ಲ ಪರೀಕ್ಷೆಗೆ ಕೂರಿಸುತ್ತಾರೆ. ನಾನು ಅವರ ಬಳಿಗೆ ಹೋಗಿದ್ದೂ ಆ ಕಪ್ಪು ನಾಣ್ಯದ ಸಲುವಾಗಿಯೇ.

ಟಿಪ್ಪು ಮಡಿದ 1799ರಲ್ಲಿ ಕೆನರಾ ಸೀಮೆ, ಮರುವರ್ಷ ನಿಜಾಮನಿಂದ ಬಳ್ಳಾರಿ ಸೀಮೆ ಕಂಪನಿಯ ಮದರಾಸು ಆಡಳಿತದ ಕೈಸೇರಿದವು. ಮದರಾಸಿನ ಲೆಕ್ಕದಲ್ಲಿ 80 ಕಾಸಿಗೆ ಒಂದು ಫನಂ, 42 ಫನಂಗೆ ಒಂದು ವರಹ. ವರಹವೇನೋ ಸಾಹುಕಾರರಿಗೆ ಸರಿ, ಸಂತೆಯಲ್ಲಿ ಉಪ್ಪು ಮೆಣಸಿನಕಾಯಿ ಕೊಳ್ಳಲು ಬೇಕಾದದ್ದು ತಾಮ್ರದ ಚಿಲ್ಲರೆ. ಅದನ್ನು ಕಂಪನಿ ಇಂಗ್ಲೆಂಡಿನಲ್ಲೇ ಅಚ್ಚು ಹಾಕಿಸಿತು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊದಲ್ಲಿ ಮ್ಯಾಥ್ಯೂ ಬೌಲ್ಟನ್ ಉಗಿಯಂತ್ರದಿಂದ ನಡೆಯುವ ಟಂಕಸಾಲೆ ಕಟ್ಟಿದ್ದ. ಇಂಗ್ಲೆಂಡಿನಲ್ಲೂ ಆಗ ಚಿಲ್ಲರೆಗೆ ಬರ. ಗಣಿ ಮಾಲೀಕರು, ಅಂಗಡಿಯವರು ತಮ್ಮ ತಮ್ಮ ಹೆಸರಿನ ಟೋಕನ್ ಮಾಡಿಸಿಕೊಳ್ಳುತ್ತಿದ್ದರು. ಅಂಥ ಟೋಕನ್ ಒತ್ತಿದ ಟಂಕಸಾಲೆಯೇ 1803ರಲ್ಲಿ ಮದರಾಸಿನ ಕಾಸುಗಳನ್ನೂ ಒತ್ತಿತು. ಪಾರ್ಸಿಯ ಒಂದಕ್ಷರ ಬಾರದ ಕಾರ್ಮಿಕರ ಕೈಯಿಂದ ಬಂದ ಪಾರ್ಸಿ ಬರಹ ಅದು.

1809ರ ಜನವರಿ. ‘ಅಡ್ಮಿರಲ್ ಗಾರ್ಡ್ನರ್’ ಎಂಬ ಕಂಪನಿಯ ಹಡಗು ಮದರಾಸಿಗೆ ಹೊರಟಿತ್ತು. ಹೊಟ್ಟೆಯಲ್ಲಿ ಕಬ್ಬಿಣದ ಸಾಮಾನು, ಫಿರಂಗಿ ಗುಂಡು, ಜೊತೆಗೆ ಮರದ ಪೀಪಾಯಿಗಳಲ್ಲಿ 48 ಟನ್ ತಾಮ್ರದ ನಾಣ್ಯ: ಎಲ್ಲವೂ 1808ರ ಹತ್ತು ಕಾಸು, ಇಪ್ಪತ್ತು ಕಾಸು. ಇಂಗ್ಲೆಂಡಿನ ಕರಾವಳಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಬಿರುಗಾಳಿ ಎದ್ದು, ಹಡಗುಗಳ ಸ್ಮಶಾನವೆಂದೇ ಹೆಸರಾದ ಗುಡ್ವಿನ್ ಮರಳುದಿಬ್ಬಕ್ಕೆ ಹಡಗು ಬಡಿದು ಒಡೆಯಿತು. ಮುಂದೆ ವರಹ ಹೋಗಿ ರೂಪಾಯಿ ಬಂತು, ಕಂಪನಿ ಹೋಗಿ ರಾಣಿ ಬಂದಳು, ಆಣೆ ಹೋಗಿ ಪೈಸೆ ಬಂತು. ಆ ದುಡ್ಡು ಮಾತ್ರ ಮರಳಿನಡಿಯೇ ಇತ್ತು. 1980ರ ದಶಕದಲ್ಲಿ ಮುಳುಗುಗಾರರು ಅದನ್ನು ಲಕ್ಷಗಟ್ಟಲೆ ಮೇಲೆತ್ತಿದರು. ಮೇಷ್ಟ್ರ ಕಪ್ಪು ನಾಣ್ಯ ಆ ರಾಶಿಯದು, ಅಂಚೆಯಲ್ಲಿ ತರಿಸಿಕೊಂಡಿದ್ದು. ಮದರಾಸಿಗೆಂದು ಹೊರಟ ಕಾಸು ಎರಡು ಶತಮಾನ ತಡವಾಗಿ ಬಳ್ಳಾರಿಗೆ ಬಂದಿದೆ, ಅದೂ ಮೇಷ್ಟ್ರೇ ಕೈಯಿಂದ ಸಾಗಣೆ ವೆಚ್ಚ ಕೊಟ್ಟು! ಒಮ್ಮೆಯೂ ಸಂತೆ ಕಾಣದ ಈ ದುಡ್ಡಿಗೆ ಸವೆದ ದುಡ್ಡಿಗಿಂತ ಹೆಚ್ಚು ಬೆಲೆ. ಮೇಷ್ಟ್ರಿಗೆ ಅದೇ ಬೇಸರ. ಬಳ್ಳಾರಿ, ಆದೋನಿ ಸಂತೆಗಳಲ್ಲಿ ಎಷ್ಟು ಸೊಂಟದ ಚೀಲ ತಿರುಗಿತೋ ಆ ಇನ್ನೊಂದು ಬಡಪಾಯಿ, ಅದನ್ನು ಯಾರೂ ಕೇಳುವುದಿಲ್ಲ.

ಅಸಲಿ ನಾಣ್ಯದ ಗುರುತು ಹಿಡಿಯುವ ವಿದ್ಯೆಯ ಬಗ್ಗೆ ಕೇಳಿದರೆ ಅವರು ಒಂದು ತೂಕದ ಯಂತ್ರ, ಒಂದು ಭೂತಗನ್ನಡಿ, ಒಂದು ಅಯಸ್ಕಾಂತ ಮುಂದಿಡುತ್ತಾರೆ. 1835ರಲ್ಲಿ ಕಂಪನಿ ಭಾರತಕ್ಕೆಲ್ಲ ಒಂದೇ ಬಗೆಯ ನಾಣ್ಯ ತಂದಾಗ ಕಾಲಾಣೆಗೆ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ತೂಕ ನಿಗದಿಯಾಗಿತ್ತು. ರೂಪಾಯಿಗೆ 180 ಗ್ರೇನ್, 11.66 ಗ್ರಾಂ. ಸವೆದರೆ ತೂಕ ಇಳಿಯಬೇಕು, ಏರಿದರೆ ಅನುಮಾನ ಪಡಬೇಕು. ಅಯಸ್ಕಾಂತಕ್ಕೆ ಅಂಟಿದರಂತೂ ಮಾತೇ ಇಲ್ಲ. ಇಸವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: 1862 ಎಂದಿರುವ ವಿಕ್ಟೋರಿಯಾ ರೂಪಾಯಿಯನ್ನು ಮುಂದೆ ಹನ್ನೆರಡು ವರ್ಷ ಅದೇ ಇಸವಿಯಲ್ಲಿ ಹೊಡೆದರು. ಅದರ ನಿಜವಾದ ವಯಸ್ಸು ತಿಳಿಯಲು ಹಿಂಬದಿಯ ಸಣ್ಣ ಚುಕ್ಕೆಗಳನ್ನು ಎಣಿಸುತ್ತಾರೆ. ಇನ್ನೊಂದು ಕಟ್ಟಪ್ಪಣೆ, ಹುಣಸೆಹಣ್ಣು ಮುಟ್ಟಬಾರದು. ಪೂಜೆಯ ತಂಬಿಗೆ ಬೆಳಗುವ ಹಾಗೆ ನಾಣ್ಯ ತಿಕ್ಕಿ ಫಳಫಳ ಮಾಡಿ ತಂದವರನ್ನು ಕಂಡರೆ ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಾರೆ. ಎರಡು ಶತಮಾನ ಕೂತು ಬಂದ ಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ.

ಅವರ ಮನೆಗೆ ಅತಿ ಹೆಚ್ಚು ಬರುವುದು ರಾಮ, ಸೀತೆ, ಲಕ್ಷ್ಮಣ, ಹನುಮಂತರಿರುವ ‘ಕಂಪನಿ ನಾಣ್ಯ’. ಹಿಂದೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದಿರುತ್ತದೆ, ಕೆಲವದರಲ್ಲಿ 1616! ಆ ವರ್ಷ ಕಂಪನಿಗೆ ಈ ನೆಲದಲ್ಲಿ ಟಂಕಸಾಲೆಯೇ ಇರಲಿಲ್ಲ. ರಾಮನ ಪಟ್ಟಾಭಿಷೇಕದ ಅರ್ಧ ಆಣೆಯನ್ನು ಕಂಪನಿ ಎಂದೂ ಹೊಡೆದಿಲ್ಲ. ಜಾತ್ರೆ, ದೇವಸ್ಥಾನದ ಬೀದಿಗಳಲ್ಲಿ ಮಾರಾಟಕ್ಕೆಂದು ಮಾಡಿದ ಬಿಲ್ಲೆಗಳವು. ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿ ಬೆಲೆಬಾಳುತ್ತದೆ ಎಂದು ನಂಬಿಸಿ ಹಣ ದೋಚುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದಲ್ಲ, ಅದರ ಬಂಡವಾಳವೂ ಇದೇ. ತಮಾಷೆಯೆಂದರೆ ಮದರಾಸಿನ ಕಂಪನಿ ನಿಜಕ್ಕೂ ದೇವರನ್ನು ನಾಣ್ಯಕ್ಕೇರಿಸಿತ್ತು. ಅದರ ಬೆಳ್ಳಿಯ ಅರ್ಧ ವರಹದ ಒಂದು ಕಡೆ ಗೋಪುರ, ಇನ್ನೊಂದು ಕಡೆ ವಿಷ್ಣು, ಸುತ್ತ ತಮಿಳು, ತೆಲುಗು ಅಕ್ಷರ. ಅದನ್ನು ತೋರಿಸಿದರೆ ಬಂದವರು ಅದೇ ಸುಳ್ಳು ಎನ್ನುತ್ತಾರಂತೆ.

ಕನ್ನಡ ಅಕ್ಷರದ ತಾಮ್ರ ಬೇಕಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳನ್ನು ಹುಡುಕಬೇಕು. ಆನೆಯದು, ಸಿಂಹದ್ದು ಎಂದು ಎರಡು ಬಗೆ, ಮೇಲೆ ಶ್ರೀ ಚಾಮುಂಡಿ. ಅವನ್ನು ಹೊಡೆಯುತ್ತಿದ್ದ, ಮುಂದೆ ಬೆಂಗಳೂರಿಗೆ ಬಂದ ಟಂಕಸಾಲೆ 1843ರಲ್ಲಿ ಮುಚ್ಚಿತು. ಕಣ್ಣಾರೆ ನೋಡಬೇಕೆನ್ನುವವರಿಗೆ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಟ್ಟಿದ ನಾಣ್ಯ ಸಂಗ್ರಹಾಲಯವಿದೆ. 1906ರಲ್ಲಿ ಹುಟ್ಟಿದ ಆ ಬ್ಯಾಂಕೇ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು.

ಹೊಲ ಉಳುವಾಗ ಇಂಥ ನಾಣ್ಯಗಳ ನಿಧಿ ಸಿಕ್ಕರೆ, ಬೆಲೆ ಹತ್ತು ರೂಪಾಯಿ ದಾಟಿದರೆ ಸಾಕು, ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುವ 1878ರ ಕಾಯ್ದೆ ಇಂದಿಗೂ ಇದೆ. ರೈತ ಹೆದರುತ್ತಾನೆ, ಗಡಿಗೆ ರಾತ್ರೋರಾತ್ರಿ ಪಾತ್ರೆ ಅಂಗಡಿ ಸೇರುತ್ತದೆ, ತಾಮ್ರ ಕಿಲೋ ಲೆಕ್ಕದಲ್ಲಿ ಕರಗುತ್ತದೆ. ಕಾನೂನು ಸರಿಯೇ ಇರಬಹುದು. ಸಿಕ್ಕ ಜಾಗ, ಜೊತೆಗಿದ್ದ ನಾಣ್ಯಗಳು, ಈ ವಿವರ ಮಾತ್ರ ಯಾರಿಗೂ ದಕ್ಕುವುದಿಲ್ಲ. ಅದಕ್ಕೇ ಮೇಷ್ಟ್ರು ಅಂಗಡಿಯಲ್ಲಿ ಸಿಕ್ಕ ಒಂದೊಂದು ಕಾಸನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ, ಯಾವ ಊರಿನ ಸಾಮಾನಿನೊಂದಿಗೆ ಬಂತೆಂದು ಕೇಳಿ ಬರೆದಿಡುತ್ತಾರೆ. ನಾಣ್ಯಕ್ಕಿಂತ ಆ ಲಕೋಟೆಗಳೇ ದೊಡ್ಡ ಆಸ್ತಿ ಎಂದು ನನಗನ್ನಿಸಿತು. ಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲ. ಕೊಳ್ಳಲು ಬಂದ ವ್ಯಾಪಾರಿಯೊಬ್ಬ ನಾಣ್ಯಗಳನ್ನಷ್ಟೇ ಸುರಿದುಕೊಡಿ, ಕಾಗದ ಬೇಡ ಅಂದನಂತೆ. ಮೇಷ್ಟ್ರು ಚಹಾ ಕುಡಿಸಿ ಕಳಿಸಿದರು. ಅವರಿಗೀಗ ಎಂಬತ್ತು ದಾಟಿದೆ. ಕಾಗದ ಸಮೇತ ಒಯ್ಯುವವರು ಇನ್ನೂ ಬಂದಿಲ್ಲ.